ನಾಲ್ಕು ಬೆರಳಿನ ಹೊಲಿಗೆ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ ಕಟ್ಟಿದವರು ತಮ್ಮ ಜನ್ಮದಲ್ಲಿ ಊರು ಬಿಟ್ಟವರಲ್ಲ. ಬಿಟ್ಟಿದ್ದರೆ ನೀರು ಹೇಗೆ ಬರುತ್ತದೆಂದು ತಿಳಿಯುವುದಕ್ಕೇ ಎಂಟು ದಿನ ಹಿಡಿಯುತ್ತದೆಂದು ಅವರಿಗೂ ಗೊತ್ತಾಗುತ್ತಿತ್ತು. ಎಡಚಿ ಆ ಪರದೇಶದ ನಗರಕ್ಕೆ ಬಂದ ಮೊದಲ ದಿನ ಬಚ್ಚಲಿನ ನಲ್ಲಿಯನ್ನು ಒಂದು ಕಡೆ ತಿರುಗಿಸಿ ಕೈ ಸುಟ್ಟುಕೊಂಡಳು, ಇನ್ನೊಂದು ಕಡೆ ತಿರುಗಿಸಿ ಮೈ ಮರಗಟ್ಟಿಸಿಕೊಂಡಳು. ಬಾಗಿಲಿನ ಬೀಗ ಅವಳಿಗೆ ಗೊತ್ತಿದ್ದ ಬೀಗಗಳಿಗೆಲ್ಲ ತದ್ವಿರುದ್ಧ ತಿರುಗುತ್ತಿತ್ತು. ತನ್ನದೇ ಕೋಣೆಯ ಮುಂದೆ ಮುಕ್ಕಾಲು ಗಂಟೆ ನಿಂತಳು. ಎದುರು ಮನೆಯವನು ಬಾಗಿಲು ತೆರೆದು, ಅವಳನ್ನು ನೋಡಿಯೂ ನೋಡದ ಹಾಗೆ ಕಸದ ಚೀಲ ಹೊರಗಿಟ್ಟು ಒಳಗೆ ಹೋದ. ಬಸ್ಸಿನಲ್ಲಿ ಗುಂಡಿ ಒತ್ತದಿದ್ದರೆ ಬಾಗಿಲು ತೆರೆಯುವುದಿಲ್ಲವೆಂದು ಹೇಳುವವರಿಲ್ಲದೆ ಎರಡು ದಿನ ಕೊನೆಯ ನಿಲ್ದಾಣದವರೆಗೂ ಹೋಗಿ ನಡೆದುಕೊಂಡು ವಾಪಸು ಬಂದಳು.

ಎಡಚಿ ಅನ್ನುವುದು ಅವಳಮ್ಮ ಇಟ್ಟ ಅಡ್ಡಹೆಸರು. ತುತ್ತು ಎತ್ತುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವಳಿಗೆ ಎಡಗೈಯಲ್ಲೇ ಆಗಬೇಕು. ಆ ಬಲಗೈ ತುತ್ತೂ ಬೆತ್ತದ ಏಟು ತಿಂದು ಬಂದ ಶಿಸ್ತು. ನಮ್ಮ ವಂಶದಲ್ಲೇ ಇಲ್ಲದ ಕೈ ಇವಳಿಗೆಲ್ಲಿಂದ ಬಂತೋ ಎಂದು ಅಮ್ಮ ದಿನಕ್ಕೊಂದು ಸಲ ಅನ್ನುತ್ತಿದ್ದಳು. ಅಮ್ಮ ದರ್ಜಿ, ಮಗಳೂ ದರ್ಜಿ. ಅಮ್ಮ ಬಲಗೈಯವಳಾದ್ದರಿಂದ ಮಗಳನ್ನು ಪಕ್ಕದಲ್ಲಲ್ಲ, ಎದುರಿಗೆ ಕೂರಿಸಿಕೊಂಡು ಹೊಲಿಗೆ ಕಲಿಸಿದ್ದಳು, ಕನ್ನಡಿಯಲ್ಲಿ ನೋಡಿ ಕಲಿತ ಹಾಗಾಗಲಿ ಎಂದು. ಆ ಉಪಾಯ ನಿನಗೆ ಯಾರು ಹೇಳಿಕೊಟ್ಟರು ಎಂದರೆ, ಯಾರೂ ಇಲ್ಲ, ತಾನಾಗಿ ಹೊಳೆಯಿತು ಅನ್ನುತ್ತಿದ್ದಳು. ಎಡಚಿಯ ಗಂಡ ಅನ್ನಿಸಿಕೊಂಡವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿ ಐದು ವರ್ಷವಾಗಿತ್ತು. ಅವನ ಮಾತು ಈ ಕಥೆಗೆ ಬೇಡ. ಬೇಕಾದದ್ದು ಮಗಳು. ಏಳು ವರ್ಷದವಳು, ಮುಂದಿನ ಎರಡು ಹಲ್ಲು ಬಿದ್ದವಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುವವಳು. ಅವಳನ್ನು ಅಜ್ಜಿಯ ಬಳಿ ಬಿಟ್ಟು, ಎರಡು ವರ್ಷ ದುಡಿದು ವಾಪಸು ಬರುತ್ತೇನೆಂದು ಮಾತು ಕೊಟ್ಟು ಎಡಚಿ ವಿಮಾನ ಹತ್ತಿದ್ದಳು.

ಹತ್ತುವಾಗ ಮೈಮೇಲೆ ಅಮ್ಮ ಹೊಲಿದ ಕೋಟು ಇತ್ತು. ಬೂದು ಬಣ್ಣದ ದಪ್ಪ ಉಣ್ಣೆ, ಒಳಗೆ ಕಪ್ಪು ಅಸ್ತರು. ಇಡೀ ಕೋಟಿನಲ್ಲಿ ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ, ಆದರೆ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಹೊಲಿಯದೆ ಬಿಟ್ಟಿತ್ತು. ದಾರವನ್ನು ಕತ್ತರಿಸಿರಲಿಲ್ಲ, ಒಂದು ಗೇಣುದ್ದದ ದಾರವನ್ನು ಸುತ್ತಿ ಅಸ್ತರಿನೊಳಗೆ ತೂರಿಸಿದ್ದಳು. ಅವರ ಮನೆಯಲ್ಲಿ ಅದೊಂದು ಪದ್ಧತಿ. ದೂರ ಹೋಗುವವರ ಬಟ್ಟೆಯನ್ನು ಪೂರ್ತಿ ಹೊಲಿಯಕೂಡದು. ಉಳಿದ ನಾಲ್ಕು ಬೆರಳನ್ನು ಅವರು ತಿರುಗಿ ಬಂದ ಮೇಲೆ ಮನೆಯವರೇ ಹೊಲಿದು ಗಂಟು ಹಾಕಬೇಕು. ಎಡಚಿ ನಕ್ಕಿದ್ದಳು. ದರ್ಜಿಯ ಮೈಮೇಲೆ ಬಾಯಿಬಿಟ್ಟ ಕೋಟು, ನೋಡಿದವರು ಏನನ್ನಬೇಕು ಎಂದಿದ್ದಳು. ಅಮ್ಮ ನಗಲಿಲ್ಲ. "ನಗೋರು ನಗಲಿ. ನೀನು ಮಾತ್ರ ಅದಕ್ಕೆ ಸೂಜಿ ತಾಗಿಸ್ಬೇಡ," ಎಂದಿದ್ದಳು.

ಅವಳು ಕೆಲಸಕ್ಕೆ ಸೇರಿದ್ದು ಸಿದ್ಧ ಉಡುಪು ತಿದ್ದಿಕೊಡುವ ಅಂಗಡಿ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು. ಮುಂದೆ ಗಾಜಿನ ಕಿಟಕಿ, ನಡುವೆ ಮೂರು ಯಂತ್ರ, ಹಿಂದೆ ಕದ ಹಾಕಿದ ಒಂದು ಉಗ್ರಾಣ. ಯಜಮಾನಿಗೆ ಎಪ್ಪತ್ತರ ಹತ್ತಿರ. ಕುತ್ತಿಗೆಯಲ್ಲಿ ಸದಾ ಟೇಪು ನೇತಾಡುತ್ತಿತ್ತು. ಕೀಲು ಬೇನೆಯಿಂದ ಎರಡೂ ಕೈಯ ಬೆರಳು ಗಂಟುಗಂಟಾಗಿ ಮಡಚಿಹೋಗಿದ್ದವು. ಹತ್ತು ವರ್ಷದಿಂದ ಸೂಜಿ ಹಿಡಿದಿಲ್ಲವಂತೆ, ಕಾಫಿ ಲೋಟವನ್ನೂ ಎರಡು ಅಂಗೈ ನಡುವೆ ಇಟ್ಟುಕೊಂಡು ಕುಡಿಯುತ್ತಿದ್ದಳು. ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ. ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದವಳು ಗುಂಡಿ ಹೊಲಿಯುವುದರಲ್ಲಿ ಎತ್ತಿದ ಕೈ, ಆದ್ದರಿಂದ ಅವಳನ್ನು ಗುಂಡಿಯಕ್ಕ ಅನ್ನೋಣ. ಎಡಚಿಯ ಮೊದಲ ದಿನವೇ ಗುಂಡಿಯಕ್ಕ ಅವಳ ಕೈಹೊಲಿಗೆ ನೋಡಿ, ಇದೇನು ಎಲ್ಲ ಉಲ್ಟಾ ವಾಲಿದೆ ಎಂದು ಮೂಗು ಮುರಿದಳು. ಯಜಮಾನಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಸರಿಯಾಗೇ ಇದೆ ಎಂದಳು. ಆಮೇಲೆ ಮೇಜಿನ ಕೆಳಗಿನ ಡ್ರಾಯರು ಎಳೆದು ಒಂದು ಕತ್ತರಿ ತೋರಿಸಿದಳು. ಎಡಗೈಯವರಿಗೆಂದೇ ಮಾಡಿದ ಕತ್ತರಿ. ಯಾರದ್ದೆಂದು ಎಡಚಿ ಹಾವಭಾವದಲ್ಲೇ ಕೇಳಿದಾಗ, ಎಲ್ಲಿಂದ ಬಂತೋ ನೆನಪಿಲ್ಲ ಎಂದು ಭುಜ ಕುಣಿಸಿದಳು. ಹಿಡಿಯಲ್ಲಿ ಹೆಬ್ಬೆಟ್ಟು ಕೂರುವ ಜಾಗ ಸವೆದು ಹಳ್ಳವಾಗಿತ್ತು. ಎಡಚಿಯ ಹೆಬ್ಬೆಟ್ಟು ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಮೊದಲ ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಮನೆಗೆ ಫೋನು, ಆ ಕಡೆಯೂ ಅಳು, ಈ ಕಡೆಯೂ ಅಳು. ಯಾವಾಗ ಬರ್ತೀಯ ಎಂದು ಗುಬ್ಬಿ ಐದು ನಿಮಿಷದಲ್ಲಿ ಹತ್ತು ಸಲ ಕೇಳುತ್ತಿದ್ದಳು. ಎರಡನೇ ತಿಂಗಳಲ್ಲಿ ಒಂದು ಸಂಜೆ ಎಡಚಿ ಯೋಚಿಸುತ್ತಾ ಬಂದು, ಯೋಚಿಸುತ್ತಲೇ ಬೀಗ ತೆಗೆದು, ಒಳಗೆ ಹೋಗಿ ದೀಪ ಹಾಕಿದ ಮೇಲೆ ಗಮನಿಸಿದಳು: ಕೈ ತಾನಾಗಿ ಸರಿಯಾದ ಕಡೆಗೆ ತಿರುಗಿತ್ತು. ಅಷ್ಟಕ್ಕೇ ಅವಳಿಗೆ ಹಿರಿಹಿರಿ ಹಿಗ್ಗು. ಅಂತೂ ಈ ಊರು ನನ್ನನ್ನು ಒಪ್ಪಿಕೊಂಡಿತು ಎಂದುಕೊಂಡಳು. ಆ ಭಾನುವಾರ ಗುಬ್ಬಿ ತನ್ನ ಶಾಲೆಯ ವಿಷಯವನ್ನೆಲ್ಲ ಹೇಳಿದಳು, ಆದರೆ ಯಾವಾಗ ಬರ್ತೀಯ ಎಂದು ಒಂದು ಸಲವೂ ಕೇಳಲಿಲ್ಲ. ಮಗು ಗಟ್ಟಿಯಾಗುತ್ತಿದೆ, ಒಳ್ಳೆಯದೇ ಆಯಿತು ಎಂದು ಎಡಚಿ ಸಮಾಧಾನ ಮಾಡಿಕೊಂಡಳು. ತಾಯಂದಿರು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳುಗಳಿಗೆ ಲೆಕ್ಕವಿಲ್ಲ.

ಚಳಿ ಜೋರಾಯಿತು. ನಡೆಯುವಾಗ ಕೋಟಿನ ಬಾಯಿಬಿಟ್ಟ ಅಂಚಿನಿಂದ ಗಾಳಿ ನುಗ್ಗಿ ಮೊಣಕಾಲು ಜುಂ ಅನ್ನುತ್ತಿತ್ತು. ಗಿರಾಕಿಗಳು ಬರುವ ಅಂಗಡಿ, ಅದನ್ನು ಹೊಲಿದುಬಿಡಬಾರದೇ ಎಂದು ಗುಂಡಿಯಕ್ಕ ಎರಡು ಸಲ ಅಂದಳು. ಬೇಡವೆಂದು ಎಡಚಿ ತಲೆಯಾಡಿಸಿದಳು. ಯಜಮಾನಿ ಮಾತ್ರ ಒತ್ತಾಯ ಮಾಡಲಿಲ್ಲ. ಇಲ್ಲಿಗೆ ಬಂದವರೆಲ್ಲ ಮೊದಲು ಹಾಗೇ ಅನ್ನುತ್ತಾರೆ, ಆಮೇಲೆ ತಾವೇ ಹೊಲಿದುಕೊಳ್ಳುತ್ತಾರೆ ಎಂದು ಹೇಳಿ ಕಿಟಕಿಯ ಗಾಜು ಒರೆಸಲು ಹೋದಳು. ಆ ಮಾತು ಪೂರ್ತಿ ಅರ್ಥವಾಯಿತಲ್ಲ ಎಂದು ಎಡಚಿ ಬೆರಗಾದಳು. ಆ ಮಾತಿನಲ್ಲಿ ಏನಿದೆ ಎಂದು ಯೋಚಿಸುವ ಬದಲು ಅರ್ಥವಾದದ್ದಕ್ಕೇ ಖುಷಿಪಟ್ಟಳು.

ಮೂರನೇ ತಿಂಗಳಲ್ಲಿ ವಯಸ್ಸಾದ ಹೆಂಗಸೊಬ್ಬಳು ಹಸಿರು ಲಂಗವೊಂದನ್ನು ತಂದು, ಹಿಂದಿನ ಸಲ ಮಾಡಿದ ಹಾಗೇ ಅಂಚು ಮಡಚಿಕೊಡಿ ಎಂದಳು. ಹಿಂದಿನ ಸಲ ಅಂದರೆ ಅವಳ ಮದುವೆಯ ಕಾಲ, ಇದೇ ಅಂಗಡಿಯಲ್ಲಿ. ಎಡಚಿ ಹಳೆಯ ಅಂಚನ್ನು ತಿರುಗಿಸಿದಳು. ಒಳಗಿನ ಕೈಹೊಲಿಗೆಯೆಲ್ಲ ಉಲ್ಟಾ ವಾಲಿತ್ತು, ಎಡಗೈಯವರ ಹೊಲಿಗೆ. ಅದಾದರೂ ಪರವಾಗಿಲ್ಲ, ಎಡಗೈಯವರು ಲೋಕದಲ್ಲಿ ಇವಳೊಬ್ಬಳೇ ಅಲ್ಲ. ಆದರೆ ಕೊನೆಯ ಗಂಟು. ಮೂರು ಸುತ್ತು ಸುತ್ತಿ, ದಾರದ ತುದಿಯನ್ನು ಎರಡು ಪದರದ ನಡುವೆ ಉಗುರಿನಷ್ಟು ಹಿಂದಕ್ಕೆ ತೂರಿಸಿದ ಗಂಟು. ಅದು ಅಮ್ಮನ ಗಂಟು. ಅಮ್ಮನ ಮನೆ ಬಿಟ್ಟು ಬೇರೆಲ್ಲೂ ಅವಳು ಅದನ್ನು ಕಂಡಿರಲಿಲ್ಲ.

ಅಮ್ಮನ ಹೊಲಿಗೆ ಯಂತ್ರದ ಮೇಲೆ ಗೋಡೆಯಲ್ಲಿ ಒಂದು ಹಳೆಯ ಫೋಟೋ ಇತ್ತು. ಹನ್ನೆರಡು ವರ್ಷದ ಅಮ್ಮ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ ದೊಡ್ಡ ಹುಡುಗಿ. ಅದು ಯಾರು ಎಂದು ಚಿಕ್ಕಂದಿನಲ್ಲಿ ಕೇಳಿದಾಗೆಲ್ಲ, ಯಾರೋ ಪಕ್ಕದ ಮನೆಯವಳಿರಬೇಕು, ನೆನಪಿಲ್ಲ ಅನ್ನುತ್ತಿದ್ದಳು ಅಮ್ಮ. ಎಡಚಿಗೆ ಈಗ ನೆನಪಾದದ್ದು ಆ ಹುಡುಗಿಯ ಇನ್ನೊಂದು ಕೈ. ಅದರಲ್ಲಿ ಕತ್ತರಿ ಇತ್ತು, ಮತ್ತು ಅದು ಎಡಗೈ.

ಭಾನುವಾರ ಕೇಳಿದಳು. ನಮ್ಮ ಪೈಕಿ ಯಾರಾದರೂ ಈ ದೇಶಕ್ಕೆ ಬಂದಿದ್ದರೇ, ನಿನಗೆ ಅಕ್ಕ ತಂಗಿ ಯಾರಾದರೂ ಇದ್ದರೇ ಎಂದು. ನಮ್ಮಪ್ಪ ಅಮ್ಮನಿಗೆ ನಾನೊಬ್ಬಳೇ ಎಂದಳು ಅಮ್ಮ. ಎಂದಿನ ಉತ್ತರವೇ. ಆದರೆ ಹಿಂದೆಯೇ, "ಇದನ್ನೆಲ್ಲ ಯಾಕೆ ಕೇಳ್ತಿದೀರಿ ನೀವು?" ಎಂದಳು.

ನೀವು. ಹೆತ್ತ ತಾಯಿ ಮಗಳನ್ನು ಬೈಯಬಹುದು, ಮಾತು ಬಿಡಬಹುದು, ಮನೆಯಿಂದ ಆಚೆ ಹಾಕಲೂಬಹುದು. ನೀವು ಅನ್ನುವುದಿಲ್ಲ. ಎಡಚಿ ಸುಮ್ಮನೆ ನಕ್ಕು, ತಮಾಷೆ ಸಾಕು ಎಂದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಅಮ್ಮ ಫೋನಿಟ್ಟಳು.

ಆ ವಾರವೆಲ್ಲ ಬೀದಿ ಅವಳಿಗೆ ಇನ್ನಷ್ಟು ಹತ್ತಿರವಾಯಿತು. ಬ್ರೆಡ್ಡಿನ ಅಂಗಡಿಯವನು ಕೇಳುವ ಮೊದಲೇ ಅವಳಿಗೆ ಬೇಕಾದ್ದನ್ನು ಕಟ್ಟಿಕೊಟ್ಟ. ಎದುರು ಮನೆಯ ಕಸದ ಚೀಲದವನು, ಈ ವರ್ಷ ಚಳಿ ಹೋದ ವರ್ಷದಷ್ಟಿಲ್ಲ ಅಲ್ಲವೇ ಎಂದ. ಹೌದು ಎಂದು ಉತ್ತರ ಕೊಟ್ಟು ಮೆಟ್ಟಿಲು ಹತ್ತಿದವಳು ನಡುವೆ ನಿಂತಳು. ಹೋದ ವರ್ಷ ಅವಳು ಇಲ್ಲಿರಲಿಲ್ಲ. ಆದರೆ ಹೋದ ವರ್ಷದ ಚಳಿ ಅವಳಿಗೆ ನೆನಪಿತ್ತು, ಈ ಬೀದಿಯ ಚಳಿ, ಈ ಮೆಟ್ಟಿಲಿನ ಒದ್ದೆ.

ಮುಂದಿನ ಭಾನುವಾರ ಫೋನೆತ್ತಿದ್ದು ಗುಬ್ಬಿ. ಚಿನ್ನಾ ಎಂದಳು ಎಡಚಿ. ಗುಬ್ಬಿ ಫೋನನ್ನು ಬಾಯಿಂದ ದೂರ ಹಿಡಿದು, ಅಜ್ಜೀ, ಯಾರೋ ಆಂಟಿ ಎಂದು ಕೂಗಿದ್ದು ಕೇಳಿಸಿತು. ಆಂಟಿ ಅಲ್ಲ ಕಣೇ, ಅಮ್ಮ ಎಂದಳು. ಮಗು ದೊಡ್ಡವರು ಕಲಿಸಿಕೊಟ್ಟ ಮರ್ಯಾದೆಯಿಂದ ಮಾತಾಡಿತು.

"ನಂಗೆ ಅಮ್ಮ ಇಲ್ಲ ಆಂಟಿ. ಅಜ್ಜಿ ಒಬ್ಬರೇ. ನಿಮಗೆ ಯಾರು ಬೇಕಿತ್ತು?"

ಫೋನು ಕಡಿಯಿತು. ಎಡಚಿ ಮತ್ತೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ನಾಲ್ಕನೇ ಸಲ ಫೋನೆತ್ತಿದ ಅಮ್ಮ, ದಯವಿಟ್ಟು ಈ ನಂಬರಿಗೆ ಮಾಡಬೇಡಿ, ಮಗು ಹೆದರಿಕೊಂಡಿದೆ ಎಂದು ಕೈಮುಗಿದು ಕೇಳುವ ದನಿಯಲ್ಲಿ ಹೇಳಿದಳು. ಎಡಚಿ ಕೋಣೆಯಲ್ಲಿ ಹಿಂದೆ ಮುಂದೆ ಓಡಾಡಿದಳು. ಬಾಗಿಲ ಹಿಂದೆ ಕೋಟು ನೇತಾಡುತ್ತಿತ್ತು. ಏಕೋ ಅದರ ಅಂಚು ಮುಟ್ಟಿ ನೋಡಿದಳು. ನಾಲ್ಕು ಬೆರಳು ತೂರುತ್ತಿದ್ದ ಕಡೆ ಒಂದೇ ಬೆರಳು ತೂರಿತು.

ಕಿಟಕಿಯ ಬೆಳಕಿಗೆ ಹಿಡಿದಳು. ಮೂರು ಬೆರಳಗಲ ಅಚ್ಚುಕಟ್ಟಾದ ಹೊಲಿಗೆ, ಅಮ್ಮ ಬಿಟ್ಟ ಅದೇ ದಾರದಲ್ಲಿ. ಹೊಲಿಗೆಯೆಲ್ಲ ಉಲ್ಟಾ ವಾಲಿತ್ತು. ಬೇರೆ ಯಾರೋ ಹೊಲಿದಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಜಗಳಕ್ಕೆ ಹೋಗುತ್ತಿದ್ದಳು. ಇದು ಅವಳದೇ ಕೈ. ಬಟ್ಟೆ ಕಂಡರೆ ಹೊಲಿಯುವ ಕೈ, ಬಿಟ್ಟುಹೋದ ಅಂಚು ಕಂಡರೆ ಸುಮ್ಮನಿರಲಾರದ ಕೈ. ಊಟದ ಬಿಡುವಿನಲ್ಲಿ ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಗುಂಡಿಯಕ್ಕನ ಹತ್ತಿರ ಹರಟುತ್ತಿದ್ದದ್ದು ನೆನಪಾಯಿತು. ಆಗ ಕೈ ಏನು ಮಾಡುತ್ತಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೀಗ ಒಲಿದ ದಿನ ಒಂದು ಬೆರಳು, ಭಾಷೆ ಒಲಿದಾಗ ಇನ್ನೊಂದು, ಬೀದಿ ಒಲಿದಾಗ ಮೂರನೆಯದು. ಕೊನೆಯದೂ ಹೋದರೆ ಗುಬ್ಬಿಗೆ ಅವಳು ಆಂಟಿಯೂ ಅಲ್ಲ. ಅಷ್ಟೇ ಅಲ್ಲ, ತನಗೊಬ್ಬಳು ಗುಬ್ಬಿ ಇದ್ದಳೆಂದು ತನಗೇ ಮರೆತೀತು. ಅದು ಹೊಳೆದದ್ದೇ ತಡ ಬಿಚ್ಚಲು ಹೊರಟಳು, ಆದರೆ ಬ್ಲೇಡು, ಕತ್ತರಿ, ಸೂಜಿ ಎಲ್ಲ ಅಂಗಡಿಯಲ್ಲಿ, ಅಂಗಡಿಗೆ ರಜೆ. ಎರಡು ಕೈಯನ್ನೂ ದಿಂಬಿನಡಿ ಒತ್ತಿಕೊಂಡು ಬೆಳಗಿನ ತನಕ ಕೂತಳು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಳು. ಯಜಮಾನಿಯ ಮುಂದೆ ಕೋಟಿನ ಅಂಚು ಹಿಡಿದು, ತನಗಿಂತ ಮೊದಲು ಬಂದವರ ಕೋಟು ಏನಾಯಿತು ಎಂದು ಕೇಳಿದಳು. ಯಜಮಾನಿಗೆ ಅದು ಮುಚ್ಚಿಡುವ ವಿಷಯವೇ ಅಲ್ಲ. ಉಗ್ರಾಣದ ಕದ ತೆರೆದು ತೋರಿಸಿ, ಅಂಗಡಿಯ ಮುಂಭಾಗಕ್ಕೆ ಹೋಗಿ ತನ್ನ ಕೆಲಸಕ್ಕೆ ನಿಂತಳು. ಒಳಗೆ ಒಂದು ಕಂಬಿಗೆ ಒಂಬತ್ತು ಕೋಟು ನೇತುಹಾಕಿತ್ತು. ಒಂದೊಂದೂ ಒಂದೊಂದು ದೇಶದ ಹೊಲಿಗೆ. ಇಲ್ಲಿಯದೇ ಹೊಸ ಕೋಟು ಕೊಂಡ ಮೇಲೆ ಹಳೆಯದನ್ನು ಯಾರೂ ಒಯ್ಯಲಿಲ್ಲ, ಎಸೆಯಲು ಮನಸ್ಸಾಗಲಿಲ್ಲ ಎಂದು ಯಜಮಾನಿ ಆ ಕಡೆಯಿಂದಲೇ ಹೇಳಿದಳು. ಎಡಚಿ ಒಂದೊಂದರ ಅಂಚೂ ತಿರುವಿದಳು. ಒಂದರಲ್ಲಿ ತೋಳಿನ ತುದಿ, ಒಂದರಲ್ಲಿ ಜೇಬಿನ ಬಾಯಿ. ಎಲ್ಲ ದೇಶದ ಅಮ್ಮಂದಿರಿಗೂ ಒಂದೇ ಬುದ್ಧಿ. ಎಲ್ಲೋ ಒಂದು ಕಡೆ ಬೇರೆ ಕೈಯಿಂದ ಮುಚ್ಚಿದ ಸ್ವಲ್ಪ ಹೊಲಿಗೆ ಪ್ರತಿಯೊಂದರಲ್ಲೂ ಇತ್ತು. ಏಳನೆಯದರಲ್ಲಿದ್ದದ್ದು ಗುಂಡಿಯಕ್ಕನ ಹೊಲಿಗೆ, ದಿನವೂ ನೋಡುವ ಕೈ. ನಾನು ಹುಟ್ಟಿದ್ದೇ ಈ ಬೀದಿಯಲ್ಲಿ ಎಂದು ಗುಂಡಿಯಕ್ಕ ನೂರು ಸಲ ಹೇಳಿದ್ದಳು. ಕೆಲಸ ಮಾಡುವಾಗ ಅವಳು ಒಂದು ರಾಗ ಗುನುಗುತ್ತಿದ್ದಳು. ಯಾವ ಹಾಡೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದಳು.

ಎಡಚಿ ಬ್ಲೇಡು ತಂದು ಅಲ್ಲೇ ನೆಲದ ಮೇಲೆ ಕೂತು ತನ್ನ ಕೋಟಿನ ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ಮೊದಲ ಬೆರಳಗಲ ಬಿಚ್ಚಿದಾಗ, ಬೆಳಿಗ್ಗೆ ಯಾವ ಬಸ್ಸಿನಲ್ಲಿ ಬಂದೆನೆಂಬುದು ಮರೆಯಿತು. ಎರಡನೆಯದಕ್ಕೆ ಗುಂಡಿಯಕ್ಕ ಹೊರಗೆ ಆಡುತ್ತಿದ್ದ ಮಾತು ಬರೀ ಸದ್ದಾಯಿತು. ಮೂರನೆಯದಕ್ಕೆ ಗೋಡೆಯ ಮೇಲಿನ ಬರಹ ಗೀಚಾಯಿತು, ಸುತ್ತಲಿನದೆಲ್ಲ ಮೊದಲ ದಿನದ ಹಾಗೆ ಅಪರಿಚಿತವಾಗಿ ದೂರ ನಿಂತಿತು. ದಾರವನ್ನು ಸುತ್ತಿ ಅಸ್ತರಿನೊಳಗೆ ತೂರಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಅಮ್ಮಾ, ನಿನ್ನೆ ಯಾಕೆ ಫೋನ್ ಮಾಡ್ಲಿಲ್ಲ? ಯಾವಾಗ ಬರ್ತೀಯ?"

ಎಡಚಿ ಬಾಯಿಗೆ ಕೋಟು ಒತ್ತಿಕೊಂಡು ಅತ್ತಳು. ಬರ್ತೀನಿ, ಈ ವಾರವೇ ಬರ್ತೀನಿ, ಕೆಲಸ ಹಾಳಾಗಿ ಹೋಗಲಿ ಎಂದಳು. ಅಮ್ಮ ಫೋನು ಕಿತ್ತುಕೊಂಡು, ಏನಾಯ್ತೇ ಎಡಚಿ, ಯಾಕೆ ಹೀಗೆ ಅಳ್ತಿದೀಯ ಎಂದು ಶುರು ಮಾಡಿದಳು.

ಅಲ್ಲಿಗೆ ಎದ್ದು ಬಂದುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಂಬಿಯ ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು, ಆಗ ಕಣ್ಣಿಗೆ ಬೀಳದಿದ್ದ ಹತ್ತನೆಯದೊಂದಿತ್ತು, ಎಲ್ಲಕ್ಕಿಂತ ಹಳೆಯ ಕಂದು ಕೋಟು. ಅದರ ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳಗಲ ಉಲ್ಟಾ ವಾಲಿದ ಹೊಲಿಗೆ, ಕೊನೆಗೆ ಮೂರು ಸುತ್ತಿನ ಗಂಟು. ಅಮ್ಮನ ದನಿ ಕಿವಿಯಲ್ಲಿರುವಾಗ, ಅಮ್ಮನಿಂದ ಕಿತ್ತುಹೋದದ್ದು ಕೈಯಲ್ಲಿರುವಾಗ, ಯಾವ ಮಗಳು ತಾನೇ ಸುಮ್ಮನಿದ್ದಾಳು? ಈ ಕೋಟಿನವಳು, ಫೋಟೋದ ಆ ದೊಡ್ಡ ಹುಡುಗಿ, ಎಂದೋ ಸತ್ತಿರಬೇಕು, ಅಮ್ಮನಿಗಾದರೂ ಅವಳ ನೆನಪು ವಾಪಸು ಸಿಗಲಿ ಎಂದುಕೊಂಡಳು. ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಇಟ್ಟುಕೊಂಡು ಗಂಟಿಗೆ ಬ್ಲೇಡು ಹಾಕಿದಳು. ಹಳೆಯ ದಾರ, ಎಳೆದರೆ ಸರಸರ ಬಂತು.

ಗುಬ್ಬಿಯ ನೆಗಡಿಯ ವಿಷಯ ಹೇಳುತ್ತಿದ್ದ ಅಮ್ಮ ನಡುವೆಯೇ ಮಾತು ನಿಲ್ಲಿಸಿದಳು.

"ನಂಗೊಬ್ಳು ಅಕ್ಕ ಇದ್ಲು ಕಣೇ," ಎಂದಳು ಆಮೇಲೆ. "ಎದುರಿಗೆ ಕೂರಿಸ್ಕೊಂಡು ಹೊಲಿಗೆ ಕಲಿಸಿದ್ದು ಅವಳೇ. ಅಯ್ಯೋ, ಅವಳನ್ನ ಹೇಗೆ ಮರ್ತೆ ನಾನು?"

ಅಂಗಡಿಯ ಮುಂಭಾಗದಲ್ಲಿ ಲೋಟ ಬಿದ್ದು ಒಡೆದ ಸದ್ದಾಯಿತು. ಗುಂಡಿಯಕ್ಕ ಏನೋ ಕೂಗಿದಳು. ಎಡಚಿ ಕತ್ತೆತ್ತಿದಾಗ ಉಗ್ರಾಣದ ಬಾಗಿಲಲ್ಲಿ ಯಜಮಾನಿ ನಿಂತಿದ್ದಳು. ಕುತ್ತಿಗೆಯ ಟೇಪು ನೆಲಕ್ಕೆ ಬಿದ್ದಿತ್ತು. ಐವತ್ತು ವರ್ಷ ತನ್ನದಾಗಿದ್ದ ಅಂಗಡಿಯನ್ನು, ಕಿಟಕಿಯನ್ನು, ಆಚೆಯ ಬೀದಿಯನ್ನು ಅವಳು ಒಂದೊಂದಾಗಿ ನೋಡುತ್ತಿದ್ದಳು, ಯಾರದೋ ಮನೆಗೆ ತಪ್ಪಿ ಹೊಕ್ಕವರು ನೋಡುವ ಹಾಗೆ. ಆಮೇಲೆ ತನ್ನ ಎಡಗೈ ಎತ್ತಿ, ಮಡಚಿಹೋದ ಬೆರಳುಗಳನ್ನು ಮುಖದ ಹತ್ತಿರ ಹಿಡಿದಳು.

"ಇದ್ಯಾರ ಕೈ?" ಎಂದಳು. ಆ ಊರಿನ ಭಾಷೆಯಲ್ಲಲ್ಲ, ಎಡಚಿಯ ಅಮ್ಮನ ಮನೆಯ ಮಾತಿನಲ್ಲಿ.

ಈ ಯಜಮಾನಿಯೇ ದೊಡ್ಡಮ್ಮ. ತಾನು ಏನು ಮಾಡಿಬಿಟ್ಟೆನೆಂದು ಎಡಚಿಗೆ ತಿಳಿದದ್ದು ಆಗ. ಅಂಚಿನ ದಾರ ಗಾಳಿಗೆ ಅಲುಗುತ್ತಿತ್ತು. ಅದನ್ನು ಹಿಡಿದು ಮತ್ತೆ ಹೊಲಿದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಫೋನಿನಲ್ಲಿ ಅಮ್ಮ, ಯಾರೇ ಅದು, ಯಾರ ದನಿ, ಕೊಡೇ ಅವಳಿಗೆ ಎಂದು ಬೇಡುತ್ತಿದ್ದಳು. ಎಡಚಿ ಎದ್ದು ಹೋಗಿ ಫೋನನ್ನು ಆ ಮುದಿ ಕಿವಿಗೆ ಹಿಡಿದಳು. ಅಕ್ಕಾ, ಅಕ್ಕಾ ಎಂದು ಅಮ್ಮ ಅಳುವುದು ಹೊರಗೂ ಕೇಳಿಸುತ್ತಿತ್ತು.

ಯಜಮಾನಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮುಖ ಹಿಂದಕ್ಕೆ ತೆಗೆದು, ಪರಸ್ಥಳದಲ್ಲಿ ದಾರಿ ಕೇಳುವ ಹುಡುಗಿಯ ಸಂಕೋಚದಿಂದ ಎಡಚಿಯನ್ನು ನೋಡಿದಳು.

"ಯಾರೋ ಮುದುಕಿ ಅಳ್ತಿದಾರೆ ರೀ," ಎಂದಳು. "ನನ್ನ ತಂಗಿಗೆ ಫೋನ್ ಕೊಡಕ್ಕೆ ಹೇಳಿ. ಹನ್ನೆರಡು ವರ್ಷದ ಹುಡುಗಿ. ಬೇಗ ಬರ್ತೀನಿ ಅಂತ ಅವಳಿಗೆ ಹೇಳಿ ಬಂದಿದೀನಿ."